ಮಗಳ ಮನೆಗೆ ಮೊದಲ ಸಲ

ಓದುಗರ ಪತ್ರ: ಮಗಳು ಹೊರದೇಶಕ್ಕೆ ಹೋಗಿ ನಾಲ್ಕು ವರ್ಷವಾಯಿತು. ಈಗ ನಾನೂ ನಮ್ಮ ಯಜಮಾನರೂ ಮೊದಲ ಸಲ ಅವಳ ಮನೆಗೆ ಹೊರಟಿದ್ದೇವೆ, ಮೂರು ತಿಂಗಳಿಗೆ. ಇವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಏನೇನು ಕಟ್ಟಿಕೊಳ್ಳಬೇಕು, ಅಲ್ಲಿ ಅವಳಿಗೆ ಭಾರವಾಗದಂತೆ ಇರುವುದು ಹೇಗೆ? ಟಿಕೆಟ್ ಇನ್ನೂ ಮಾಡಿಸಿಲ್ಲ.

ಸಂಪಾದಕರ ಉತ್ತರ: ಟಿಕೆಟ್ ಮಾಡಿಸದೆ ಇದ್ದದ್ದು ಒಳ್ಳೆಯದೇ ಆಯಿತು. ಸೂಟ್‌ಕೇಸಿಗಿಂತ ಮೊದಲು ನೋಡಬೇಕಾದ್ದು ಮಗಳ ಕ್ಯಾಲೆಂಡರ್. ಮೂರು ತಿಂಗಳೆಂದರೆ ಹೆಚ್ಚುಕಡಿಮೆ 90 ದಿನ. ವಾರಕ್ಕೆರಡು ರಜೆಯಿದ್ದರೂ ಅವಳು ಇಡೀ ದಿನ ನಿಮ್ಮ ಜೊತೆ ಇರುವುದು 26 ದಿನ ಮಾತ್ರ. ಉಳಿದ 64 ದಿನ ಬೆಳಗ್ಗೆ ಹೋದವಳು ಸಂಜೆ ಬರುತ್ತಾಳೆ, ಬೇಸರವೂ ಮುನಿಸೂ ಹುಟ್ಟುವುದು ಆ ದಿನಗಳಲ್ಲೇ. ನಮ್ಮನ್ನು ಕೇಳಿದರೆ ಮೊದಲ ಭೇಟಿಗೆ ಐದಾರು ವಾರ ಸಾಕು. ಅದಕ್ಕಿಂತ ತೀರಾ ಕಡಿಮೆಯಾದರೆ ನಿದ್ದೆ ಹೊಂದಿಕೊಳ್ಳುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತದೆ. ಅವಳಿಗೆ ಮರುದಿನ ರಜೆ ಇರುವಂತೆ ನೋಡಿಕೊಂಡು ಇಳಿಯಿರಿ.

ಕಾಗದಪತ್ರದಲ್ಲಿ ಎರಡೇ ಮಾತು. ಎಷ್ಟೋ ದೇಶಗಳು ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು ಎನ್ನುತ್ತವೆ. ಹಾಗೆಯೇ ವೀಸಾದ ಮೇಲಿರುವ ಕೊನೆಯ ದಿನಾಂಕವೂ ನೀವು ಅಲ್ಲಿ ಉಳಿಯಬಹುದಾದ ದಿನಗಳೂ ಒಂದೇ ಅಲ್ಲ. ಎಷ್ಟು ದಿನ ಇರಬಹುದೆಂದು ಇಳಿದ ಕಡೆ ಅಧಿಕಾರಿ ದಾಖಲಿಸಿದ್ದನ್ನು ಅಲ್ಲೇ ಓದಿಕೊಂಡು ಮುಂದೆ ಹೋಗಿ.

ಇನ್ನು ಇನ್ಸುಲಿನ್. ಅದು ಕೈಚೀಲದಲ್ಲೇ ಇರಬೇಕು. ಕೆಳಗೆ ಹಾಕುವ ಲಗೇಜಿನಲ್ಲಿಟ್ಟರೆ ಹೆಪ್ಪುಗಟ್ಟಬಹುದು, ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಸರಿಯಾಗಿ ಕಂಡರೂ ಕೆಲಸಕ್ಕೆ ಬಾರದು. ಐಸ್ ಪ್ಯಾಕ್ ಜೊತೆ ಇಡುವುದಾದರೆ ನೇರವಾಗಿ ತಾಗದಂತೆ ನಡುವೆ ಬಟ್ಟೆ ಸುತ್ತಿ. ತೆರೆಯದವನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಳಕೆಯಲ್ಲಿರುವುದು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ, ನಿಖರ ಅವಧಿ ಪೆಟ್ಟಿಗೆಯ ಮೇಲೇ ಇರುತ್ತದೆ. ಭದ್ರತಾ ತಪಾಸಣೆಯಲ್ಲಿ 100 ಮಿಲಿಲೀಟರ್ ದ್ರವದ ನಿಯಮ ಔಷಧಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ, ಆದರೆ ಮೊದಲೇ ಹೇಳಿ ವೈದ್ಯರ ಚೀಟಿ ತೋರಿಸಬೇಕು.

ಹೊತ್ತಿನ ಲೆಕ್ಕ ತಪ್ಪುವುದು ಇನ್ನೂ ದೊಡ್ಡ ತೊಡಕು. ಪೂರ್ವಕ್ಕೆ ಹಾರಿದರೆ ದಿನ ಕುಗ್ಗುತ್ತದೆ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಇನ್ಸುಲಿನ್ನನ್ನು ಅಲ್ಲಿನ ಗಡಿಯಾರ ನೋಡಿ ಹಾಕಿಕೊಂಡರೆ ಎರಡು ಡೋಸ್ ಹತ್ತಿರ ಬಂದು ಸಕ್ಕರೆ ಇಳಿಯಬಹುದು. ಪಶ್ಚಿಮಕ್ಕಾದರೆ ನಡುವಿನ ಅಂತರ ಹಿಗ್ಗುತ್ತದೆ. ವೈದ್ಯರ ಹತ್ತಿರ ಟಿಕೆಟ್ಟನ್ನೇ ಒಯ್ದು, ಹೊರಟ ಎಷ್ಟನೆಯ ಗಂಟೆಗೆ ಎಷ್ಟು ಯೂನಿಟ್ ಎಂದು ಬರೆಸಿಕೊಳ್ಳಿ. ಊಟಕ್ಕೆ ಮೊದಲು ಹಾಕುವ ಡೋಸನ್ನು ತಟ್ಟೆ ಎದುರಿಗೆ ಬಂದ ಮೇಲೆಯೇ ಹಾಕಿಕೊಳ್ಳಲಿ. ವಿಮಾನ ಅಲುಗಾಡತೊಡಗಿದರೆ ಊಟದ ಗಾಡಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ, ಇನ್ಸುಲಿನ್ ನಿಲ್ಲುವುದಿಲ್ಲ. ಗ್ಲೂಕೋಸ್ ಮಾತ್ರೆ ಮೇಲಿನ ಗೂಡಿನಲ್ಲಲ್ಲ, ಅಂಗಿಯ ಜೇಬಿನಲ್ಲಿರಲಿ.

ಮಿಕ್ಕ ಔಷಧಿಗಳನ್ನು ಉಳಿಯುವ ದಿನಗಳಿಗಿಂತ 15 ದಿನ ಹೆಚ್ಚಿಗೆ, ಮೂಲ ಪೊಟ್ಟಣದಲ್ಲೇ ಒಯ್ಯಿರಿ. ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಹೆಸರು ಬರೆಸಿ. ಅದೂ ದೇಶದಿಂದ ದೇಶಕ್ಕೆ ಬದಲಾಗುವುದುಂಟು: ಪ್ಯಾರಸಿಟಮಾಲ್‌ಗೆ ಕೆಲವು ಕಡೆ ಅಸಿಟಮಿನೋಫೆನ್ ಎನ್ನುತ್ತಾರೆ, ಎರಡೂ ಬೇರೆಯೆಂದು ಒಟ್ಟಿಗೆ ನುಂಗಿದವರಿದ್ದಾರೆ. ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ, ಮುಚ್ಚಿಟ್ಟರೆ ಬೇಕಾದ ಹೊತ್ತಿಗೆ ಹಣ ಬರುವುದಿಲ್ಲ.

ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ನಡೆದಾಡಲು ಸುಲಭವಾಗುವಂತೆ ದಾರಿ ಬದಿಯ ಸೀಟು ಕೇಳಿ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಮುಟ್ಟಿದ ಮೇಲೂ, ಕೆಲವು ವಾರಗಳವರೆಗೆ, ಒಂದೇ ಕಾಲು ಊದಿ ನೋಯತೊಡಗಿದರೆ ಅಥವಾ ಏಕಾಏಕಿ ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿದ್ದೆ ಹೊಂದಲು ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನದ ಹಾಗೆ ಲೆಕ್ಕ ಹಿಡಿಯಬಹುದು, ಪೂರ್ವಕ್ಕೆ ಹೋದವರಿಗೆ ತುಸು ಹೆಚ್ಚೇ. ಮೊದಲ ವಾರ ಯಾವ ಊರು ನೋಡುವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಈಗ ಆ 64 ದಿನಗಳ ಮಾತು. ಅವಳು ಕೆಲಸಕ್ಕೆ ಹೊರಡುವ ಮೊದಲೇ ನಾಲ್ಕು ವಿಷಯ ತೋರಿಸಲು ಹೇಳಿ, ತೋರಿಸಿದ್ದನ್ನು ಅವಳೆದುರಿಗೇ ನೀವು ಒಮ್ಮೆ ಮಾಡಿ. ಬಾಗಿಲು: ಎಳೆದರೆ ತಾನೇ ಬೀಗ ಬೀಳುತ್ತದೆಯೇ? ಹಾಗಿದ್ದರೆ ಕಸ ಹಾಕಲು ಹೋಗುವಾಗಲೂ ಕೀ ಕೈಯಲ್ಲಿರಬೇಕು. ಒಲೆ: ಇಂಡಕ್ಷನ್ ಆದರೆ ಅಯಸ್ಕಾಂತ ಅಂಟುವ ಪಾತ್ರೆ ಮಾತ್ರ ಕಾಯುತ್ತದೆ. ಹೊಗೆ ಪತ್ತೆ ಹಚ್ಚುವ ಅಲಾರಂ: ಎಣ್ಣೆ ಕಾಯಿಸುವ ಮೊದಲೇ ಎಗ್ಸಾಸ್ಟ್ ಫ್ಯಾನ್ ಹಾಕಿ. ಸ್ನಾನದ ಮನೆ: ನೆಲದಲ್ಲಿ ನೀರು ಹೋಗುವ ತೂತು ಇಲ್ಲದಿದ್ದರೆ ಪರದೆಯ ತುದಿ ತೊಟ್ಟಿಯ ಒಳಗೇ ಇರಲಿ. ಹೊರಗೆ ಚೆಲ್ಲಿದ ನೀರು ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ, ದುರಸ್ತಿಯ ಬಿಲ್ಲು ಮಗಳಿಗೆ ಬರುತ್ತದೆ.

ಮನೆಯಲ್ಲಿ ನಿಮ್ಮದೇ ಆದ ಒಂದು ಕೆಲಸ ಹಿಡಿಯಿರಿ. ಬಟ್ಟೆ ಒಗೆಯುವುದೋ ರಾತ್ರಿಯ ಅಡುಗೆಯೋ, ಯಾವುದೆಂದು ಅವಳೇ ಹೇಳಲಿ. ಕೇಳದೆ ಮಾಡಬಾರದ ಒಂದು ಕೆಲಸವೂ ಇದೆ: ಅಡುಗೆಮನೆಯ ಕಪಾಟು ಜೋಡಿಸುವುದು. ಮರುದಿನ ಅವಸರದಲ್ಲಿ ಚಮಚ ಹುಡುಕುವವಳು ಅವಳು. ಮನೆಯಿಂದಲೇ ಕೆಲಸ ಮಾಡುವ ದಿನಗಳಿದ್ದರೆ ಬಾಗಿಲು ಮುಚ್ಚಿದ್ದಾಗ ಕರೆಯುವುದಿಲ್ಲವೆಂದು ನಿಮ್ಮೊಳಗೇ ಮಾತಾಡಿಕೊಳ್ಳಿ. ಮೊದಲ ರಜೆಯ ದಿನವೇ ಪಾರ್ಕಿಗೋ ಗ್ರಂಥಾಲಯಕ್ಕೋ ಹೋಗುವ ದಾರಿಯಲ್ಲಿ ಅವಳ ಜೊತೆ ನಡೆದು ನೋಡಿ. ಎರಡನೆಯ ಸಲ ನೀವಿಬ್ಬರು ಮುಂದೆ, ಅವಳು ಹಿಂದೆ. ಮೂರನೆಯ ಸಲ ನೀವಿಬ್ಬರೇ. ಅವಳ ವಿಳಾಸ, ಫೋನ್ ನಂಬರು, ಆ ದೇಶದ ತುರ್ತು ಸಂಖ್ಯೆ, ಇವರ ಔಷಧಿಯ ಪಟ್ಟಿ ಇಷ್ಟನ್ನೂ ಕಾಗದದಲ್ಲಿ ಬರೆದು ಇಬ್ಬರ ಜೇಬಿನಲ್ಲೂ ಇಡಿ, ಫೋನಿನ ಚಾರ್ಜ್ ಯಾವಾಗ ಮುಗಿಯುತ್ತದೋ ಹೇಳಲಾಗದು.

ವಾಪಸ್ ಟಿಕೆಟ್ ಮಾತ್ರ ದಿನಾಂಕ ಬದಲಿಸಲು ಬರುವಂಥದ್ದನ್ನೇ ತೆಗೆಯಿರಿ, ಸ್ವಲ್ಪ ದುಬಾರಿಯಾದರೂ ಪರವಾಗಿಲ್ಲ.