ನೂರು ವರ್ಷ ಹಳೆಯ ರೇಷ್ಮೆ ಉಡುಪನ್ನು ಕತ್ತರಿಸಿ ಹೊಸದಾಗಿ ಹೊಲಿಸಿಕೊಳ್ಳುವುದು ತಪ್ಪೇ?

ಮುತ್ತಜ್ಜಿಯ ಕಾಲದ ರೇಷ್ಮೆ ಉಡುಪೊಂದು ನಿಮ್ಮ ಕೈಗೆ ಬಂದಿದೆ. ಅದು ನಿಮ್ಮ ಅಳತೆಯದಲ್ಲ. ಆದ್ದರಿಂದ ಅದನ್ನು ಕತ್ತರಿಸಿ ಈಗ ತೊಡಬಹುದಾದ ಮೇಲಂಗಿ ಹೊಲಿಸಬೇಕೆಂದಿದ್ದೀರಿ. ಹಾಗೆ ಮಾಡಿದರೆ ಅದರ ಚರಿತ್ರೆಯೇ ಹಾಳಾಗುತ್ತದೆ ಎಂದು ಗೆಳತಿಯೊಬ್ಬರು ಹೇಳಿದರು. ಪೆಟ್ಟಿಗೆಯಲ್ಲಿ ಕೊಳೆಯುವುದಕ್ಕಿಂತ ಮೈಮೇಲಿರುವುದೇ ಮೇಲು ಎಂದು ಇನ್ನೊಬ್ಬರು ಹೇಳಿದರು. ಯಾರ ಮಾತು ಸರಿ ಎಂದು ಕೇಳಿದ್ದೀರಿ.

ಹೊಲಿಗೆ ನನ್ನ ಕಸುಬು. ಹಳೆಯ ಉಡುಪುಗಳ ದುರಸ್ತಿ ಮಾಡುತ್ತಾ ಬಹಳ ವರ್ಷಗಳಾದವು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ದಾರ ಬಿಚ್ಚಿದರೆ ಮೊದಲಿನಂತಾಗುವ ಕೆಲಸ ಯಾವುದನ್ನಾದರೂ ಮಾಡಿ, ಬಟ್ಟೆಗೆ ಮಾತ್ರ ಕತ್ತರಿ ಹಾಕಬೇಡಿ.

ಹೀಗೆ ಹೇಳುವುದಕ್ಕೆ ಕಾರಣ ನಾನೇ ಮಾಡಿದ ಒಂದು ತಪ್ಪು. ಕೆಲಸಕ್ಕೆ ಇಳಿದ ಹೊಸದರಲ್ಲಿ ಹಳೆಯ ಬಟ್ಟೆಗಳ ಒಂದು ಗಂಟು ಕೊಂಡಿದ್ದೆ. ಅದರಲ್ಲಿ ಪೂರ್ತಿ ಕೈಹೊಲಿಗೆಯ, ಮೈಗೆ ಬಿಗಿಯಾಗಿ ಕೂರುವ ರೇಷ್ಮೆಯ ಮೇಲುಡುಪೊಂದಿತ್ತು. ಕಂಕುಳಲ್ಲಿ ಬೆವರಿನ ಕಲೆ, ಒಂದು ತೋಳು ಹರಿದಿತ್ತು. ಇನ್ನು ಯಾರೂ ತೊಡುವುದಿಲ್ಲ ಎಂದುಕೊಂಡು ಅದನ್ನು ಕತ್ತರಿಸಿ ಚೀಲ ಹೊಲಿದೆ. ಉಳಿದ ಅಸ್ತರಿನ ಚೂರುಗಳನ್ನು ಎಸೆಯುವ ಮುನ್ನ ಒಂದನ್ನು ಏಕೋ ಕಿಟಕಿಯ ಬೆಳಕಿಗೆ ಹಿಡಿದೆ. ಪಕ್ಕದ ಹೊಲಿಗೆಯ ಗುಂಟ ಸೂಜಿಯ ತೂತುಗಳ ಮೂರು ಸಾಲುಗಳು ಕಂಡವು. ಯಾರೋ ಆ ಉಡುಪಿನ ಸೊಂಟವನ್ನು ಬೇರೆ ಬೇರೆ ಹೊತ್ತಿನಲ್ಲಿ ಬಿಚ್ಚಿ ಬಿಚ್ಚಿ ಹೊಲಿದಿದ್ದರು. ಬಸಿರಿನ ತಿಂಗಳುಗಳಲ್ಲಿ ಸಡಿಲಿಸಿ, ಹೆರಿಗೆಯಾದ ಮೇಲೆ ಮತ್ತೆ ಹಿಡಿದು ಹೊಲಿದರೋ? ಅಕ್ಕನ ಉಡುಪು ತಂಗಿಗೆ ಬಂದಿತ್ತೋ? ತಿಳಿಯಬೇಕಾದರೆ ಎಲ್ಲ ತುಂಡುಗಳನ್ನೂ ಮೇಜಿನ ಮೇಲೆ ಹರಡಿ ಅಳೆಯಬೇಕಿತ್ತು. ಅಷ್ಟರಲ್ಲಿ ಮುಂಭಾಗ ಚೀಲದ ಮುಚ್ಚಳವಾಗಿತ್ತು, ಪಕ್ಕದ ಅಂಚುಗಳನ್ನು ನಾನೇ ಅಚ್ಚುಕಟ್ಟಾಗಿ ಕತ್ತರಿಸಿ ಎಸೆದಿದ್ದೆ. ಚೀಲ ಚೆನ್ನಾಗಿಯೇ ಬಂದಿತ್ತು, ಕೊಂಡವರಿಗೂ ಮೆಚ್ಚುಗೆಯಾಯಿತು. ಆದರೆ ಆ ಹೆಂಗಸಿನ ಬಗ್ಗೆ ಜಗತ್ತಿನಲ್ಲಿ ಉಳಿದಿದ್ದ ಒಂದೇ ಗುರುತನ್ನು ನಾನು ಅಳಿಸಿದ್ದೆ ಎನ್ನುವುದು ಇಂದಿಗೂ ನನ್ನನ್ನು ನೋಯಿಸುತ್ತದೆ.

ಇದೇ ಘಟನೆ ನಿಮ್ಮ ಎರಡನೆಯ ಸ್ನೇಹಿತರ ಮಾತಿಗೂ ಬಲ ಕೊಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಉಡುಪನ್ನು ಬದಲಿಸುವುದು ಇಂದಿನ ಹುಚ್ಚಲ್ಲ. ಬಟ್ಟೆ ದುಬಾರಿಯಾಗಿ ಹೊಲಿಗೆಯ ಕೂಲಿ ಅಗ್ಗವಾಗಿದ್ದ ಕಾಲದಲ್ಲಿ, ಮುಂದೆ ಬಿಚ್ಚಬೇಕಾದೀತೆಂದೇ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರು. ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿರುವ 18ನೆಯ ಶತಮಾನದ ಎಷ್ಟೋ ರೇಷ್ಮೆ ಉಡುಪುಗಳು ಮೊದಲು ಹೊಲಿದ ರೂಪದಲ್ಲಿಲ್ಲ. ರೂಢಿ ಬದಲಾದಂತೆ ಅವನ್ನು ಮುಂದಿನ ಪೀಳಿಗೆಯವರು ಬಿಚ್ಚಿ ಮರಳಿ ಹೊಲಿದರು. 19ನೆಯ ಶತಮಾನದಲ್ಲಿ ವೇಷಭೂಷಣದ ಕೂಟಗಳಿಗೆಂದು ತಿದ್ದಿದವೂ ಇವೆ. ಆ ತಿದ್ದುಪಡಿಗಳನ್ನು ಇಂದು ವಿದ್ವಾಂಸರು ಮೂಲದಷ್ಟೇ ಆಸಕ್ತಿಯಿಂದ ಓದುತ್ತಾರೆ.

ಅದೇ 18ನೆಯ ಶತಮಾನದ ಫ್ರಾನ್ಸಿನಲ್ಲಿ ಸಿರಿವಂತ ಮಹಿಳೆಯರಿಗೆ ಪಾರ್ಫಿಲಾಜ್ ಎನ್ನುವ ಹವ್ಯಾಸವಿತ್ತು. ಹಳೆಯ ಉಡುಪಿನ ಅಂಚುಪಟ್ಟಿ, ಕುಚ್ಚುಗಳಿಂದ ಚಿನ್ನ ಬೆಳ್ಳಿಯ ಎಳೆಗಳನ್ನು ಹೆಕ್ಕಿ ತೆಗೆದು, ಕರಗಿಸುವವರಿಗೆ ಮಾರುತ್ತಿದ್ದರು. ತಿದ್ದಿದ ಉಡುಪು ಎರಡು ಕಾಲಗಳ ಕಥೆ ಹೇಳುತ್ತದೆ. ಕರಗಿದ ಜರಿ ಯಾವ ಕಥೆಯನ್ನೂ ಹೇಳುವುದಿಲ್ಲ. ನೀವು ಹೊಲಿಸಬೇಕೆಂದಿರುವ ಮೇಲಂಗಿ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ಯೋಚಿಸಿ. ಬಟ್ಟೆಯ ಚೆಂದಕ್ಕಾಗಿ ಮಾತ್ರ ಉಡುಪನ್ನು ಒಡೆಯುವುದು ನನ್ನ ಕಣ್ಣಿಗೆ ಎರಡನೆಯದರ ಹಾಗೆಯೇ ಕಾಣುತ್ತದೆ.

ಕತ್ತರಿಸದೆ, ಇದ್ದಂತೆಯೇ ತೊಟ್ಟರೆ ಹೇಗೆ ಎಂದು ನೀವು ಕೇಳಬಹುದು. 1962ರಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೊಟ್ಟಿದ್ದ ಉಡುಪನ್ನು 2022ರಲ್ಲಿ ನ್ಯೂಯಾರ್ಕಿನ ಮೆಟ್ ಗಾಲಾ ಎನ್ನುವ ಫ್ಯಾಷನ್ ಸಮಾರಂಭದಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಷಿಯನ್ ತೊಟ್ಟಾಗ, ಚಾರಿತ್ರಿಕ ಉಡುಪುಗಳನ್ನು ಯಾರೂ ತೊಡಬಾರದು ಎಂದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿ ಹೇಳಿಕೆ ಕೊಟ್ಟಿತು. ಬೆವರು, ಮೈಯ ಬಿಸಿ, ಸುಗಂಧದ್ರವ್ಯ, ತೋಳೆತ್ತಿದಾಗಿನ ಎಳೆತ, ಇವೆಲ್ಲ ಹಳೆಯ ಎಳೆಗಳಿಗೆ ಪೆಟ್ಟು ಕೊಡುತ್ತವೆ. ಚರಿತ್ರೆಯಲ್ಲಿ ಹೆಸರಿರುವ ಉಡುಪಿಗೆ ಆ ನಿಯಮ ತಕ್ಕದ್ದೇ. ಅಂಥವೇ ಸಾವಿರಾರು ಉಳಿದಿರುವ ಸಾದಾ ಹತ್ತಿಯ ಒಳಲಂಗಕ್ಕೂ ಅದನ್ನೇ ಹೇರುವುದು ನನಗೆ ಒಪ್ಪಿಗೆಯಿಲ್ಲ. ಗಟ್ಟಿಯಾಗಿದ್ದರೆ ತೊಡಲಿ, ತೇಪೆ ಹಾಕಲಿ, ಅದು ಅದರ ಬಾಳು.

ನಿಮ್ಮದು ರೇಷ್ಮೆಯಾದ್ದರಿಂದ ಒಂದು ಎಚ್ಚರಿಕೆ ಹೇಳಲೇಬೇಕು. ಕಚ್ಚಾ ರೇಷ್ಮೆಯ ಅಂಟು ತೆಗೆದಾಗ ಅದರ ತೂಕ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. ರೇಷ್ಮೆ ತೂಕಕ್ಕೆ ಮಾರಾಟವಾಗುತ್ತಿದ್ದುದರಿಂದ, 19ನೆಯ ಶತಮಾನದ ಕೊನೆ ಮತ್ತು 20ನೆಯ ಶತಮಾನದ ಆರಂಭದಲ್ಲಿ ಬಟ್ಟೆಯನ್ನು ತವರದಂಥ ಲೋಹಗಳ ಲವಣದಲ್ಲಿ ಅದ್ದಿ ಆ ತೂಕವನ್ನು ತುಂಬಿಸುತ್ತಿದ್ದರು. ಕೈಗೆ ಭಾರವಾಗಿ, ಸೊಗಸಾದ ಸರಸರ ಸದ್ದು ಮಾಡುತ್ತಿದ್ದ ಆ ರೇಷ್ಮೆ ದಶಕಗಳು ಕಳೆದಂತೆ ಪೆಟ್ಟಿಗೆಯಲ್ಲಿ ಇದ್ದಲ್ಲಿಯೇ ಸೀಳುತ್ತದೆ. ಮಡಿಕೆಗಳ ಗುಂಟ ಉದ್ದುದ್ದ ಬಿರುಕುಗಳು ಕಂಡರೆ ನಿಮ್ಮದೂ ಬಹುಶಃ ಅಂಥದ್ದೇ. ಆಗ ಮೇಲಂಗಿಯ ಆಸೆಯನ್ನು ಬಿಟ್ಟುಬಿಡಿ, ಹಾಕಿದ ಪ್ರತಿ ಸೂಜಿಯ ತೂತೂ ಹರುಕಾಗುತ್ತದೆ. ಇನ್ನೊಂದು ಮಾತು, ಉಡುಪು 19ನೆಯ ಶತಮಾನದ್ದಾಗಿ ಬಣ್ಣ ಕಣ್ಣು ಕುಕ್ಕುವ ಹಸಿರಾಗಿದ್ದರೆ ಬರಿಗೈಯಿಂದ ಮುಟ್ಟಬೇಡಿ. ಆ ಕಾಲದ ಕೆಲವು ಹಸಿರು ಬಣ್ಣಗಳಲ್ಲಿ ಆರ್ಸೆನಿಕ್ ಎನ್ನುವ ವಿಷ ಇರುತ್ತಿತ್ತು.

ಹಾಗಾದರೆ ಏನು ಮಾಡಬಹುದು? ನನಗೆ ಅತ್ಯಂತ ಪ್ರಿಯವಾದ ದಾರಿ ನಕಲು ತೆಗೆಯುವುದು. ಉಡುಪನ್ನು ಮೇಜಿನ ಮೇಲೆ ಸಪಾಟಾಗಿ ಹರಡಿ, ಎಲ್ಲೂ ಎಳೆಯದೆ ಒಂದೊಂದು ಭಾಗವನ್ನೂ ಅಳೆದು, ಕಾಗದದ ಮೇಲೆ ಅದರ ಕಟಿಂಗ್ ಇಳಿಸಿಕೊಳ್ಳಬೇಕು. ಆಮೇಲೆ ಅದನ್ನು ನಿಮ್ಮ ಅಳತೆಗೆ ಹಿಗ್ಗಿಸಿ ಹೊಸ ರೇಷ್ಮೆಯಲ್ಲಿ ಹೊಲಿಯಬಹುದು. ಇದಕ್ಕೆ ತಾಳ್ಮೆ ಬೇಕು, ಆದರೆ ಮುತ್ತಜ್ಜಿಯ ತೋಳು ಹೆಗಲಲ್ಲಿ ಹೇಗೆ ಕೂರುತ್ತಿತ್ತು ಎನ್ನುವುದು ನಿಮ್ಮ ಮೈಗೇ ತಿಳಿಯುತ್ತದೆ. ಕತ್ತರಿಸಿದ ತುಂಡಿನಿಂದ ಅದು ಎಂದೂ ಸಿಗುವುದಿಲ್ಲ.

ಮೂಲವನ್ನು ಪೆಟ್ಟಿಗೆಯಲ್ಲಿ ಕೊಳೆಯಲು ಬಿಡುವುದು ಸಂರಕ್ಷಣೆಯಲ್ಲ, ಅದು ಅಸಡ್ಡೆ. ಆಮ್ಲರಹಿತ ಕಾಗದವನ್ನು ಉಂಡೆ ಮಾಡಿ ಮಡಿಕೆಗಳೊಳಗೆ ಇಟ್ಟು, ಉಡುಪನ್ನು ಮಲಗಿಸಿಡಿ. ಪ್ಲಾಸ್ಟಿಕ್ ಚೀಲ ಬೇಡ. ಹ್ಯಾಂಗರಿನಲ್ಲಿ ತೂಗುಹಾಕಿದರೆ ಉಡುಪಿನ ಭಾರವೇ ಹೆಗಲನ್ನು ಹರಿಯುತ್ತದೆ. ಬೆಳಕೂ ಶತ್ರುವೇ, ಅದು ಎಷ್ಟು ಬೀಳುತ್ತದೆ ಎಂಬುದನ್ನು ಲಕ್ಸ್ ಎನ್ನುವ ಮಾನದಲ್ಲಿ ಅಳೆಯುತ್ತಾರೆ. ಹಳೆಯ ಬಟ್ಟೆಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಗೊಡುವುದಿಲ್ಲ, ಓದುವ ಮೇಜಿನ ದೀಪ ಅದಕ್ಕಿಂತ ಎಷ್ಟೋ ಪಾಲು ಪ್ರಖರ.

ಉಡುಪು ಆಗಲೇ ಚಿಂದಿಯಾಗಿದ್ದರೆ ಮಾತು ಬೇರೆ. ಆಗ ಗಟ್ಟಿಯಾಗಿ ಉಳಿದ ಭಾಗವನ್ನು ಬಳಸುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಮೊದಲು ಒಳಗೂ ಹೊರಗೂ ಫೋಟೊ ತೆಗೆಯಿರಿ, ಯಾರು ಯಾವಾಗ ತೊಟ್ಟಿದ್ದರೆಂದು ಬರೆದಿಡಿ, ಹೊಲಿಗೆಯಿರುವ ಒಂದು ತುಂಡನ್ನಾದರೂ ಹಾಗೆಯೇ ಉಳಿಸಿ.

ಮುತ್ತಜ್ಜಿಯೇ ಇದ್ದಿದ್ದರೆ ಎರಡನೆಯ ಯೋಚನೆಯಿಲ್ಲದೆ ಕತ್ತರಿ ಹಿಡಿಯುತ್ತಿದ್ದರು ಎಂದು ನೀವು ವಾದಿಸಿದರೆ, ಹೌದು, ಹಿಡಿಯುತ್ತಿದ್ದರೇನೋ. ಆದರೆ ತಾವು ಏನನ್ನು ಕತ್ತರಿಸುತ್ತಿದ್ದೇವೆಂದು ಅವರಿಗೆ ಗೊತ್ತಿತ್ತು. ನಿಮಗೆ ಇನ್ನೂ ಗೊತ್ತಿಲ್ಲ. ನಾಳೆ ಹಗಲಲ್ಲಿ ಅದನ್ನು ಮೆಲ್ಲಗೆ ಒಳಮಗ್ಗುಲಾಗಿ ತಿರುಗಿಸಿ ಪಕ್ಕದ ಹೊಲಿಗೆಗಳನ್ನು ನೋಡಿ. ಸೂಜಿಯ ತೂತುಗಳ ಸಾಲು ಒಂದೇ ಇದೆಯೋ, ಹೆಚ್ಚು ಇವೆಯೋ ಇಲ್ಲಿಯೇ ಬರೆದು ತಿಳಿಸಿ.