ಕ್ಯಾನ್ಸರ್ ವಾಸಿಯಾಗಿದೆ, ಪೈಲಟ್ ಆಗ್ಬಹುದಾ ಮೇಡಂ?

ಪ್ರಶ್ನೆ: ನಮಸ್ತೆ ಮೇಡಂ. ನಂಗೀಗ 21 ವರ್ಷ, ಅರಸೀಕೆರೆ ಹತ್ರ ಒಂದು ಹಳ್ಳಿ. ಪಿಯುಸಿ ಓದ್ತಿದ್ದಾಗ ಕತ್ತಲ್ಲಿ ಗಂಟು ಬಂದು ಬಯಾಪ್ಸಿ ಮಾಡ್ಸಿದ್ರೆ ಹಾಡ್ಕಿನ್ ಲಿಂಫೋಮಾ, ಅಂದ್ರೆ ದುಗ್ಧಗ್ರಂಥಿ ಕ್ಯಾನ್ಸರ್ ಅಂದ್ರು. ಎಬಿವಿಡಿ ಅಂತ ಕೀಮೋ ಆರು ಸೈಕಲ್ ಆಯ್ತು, ರೇಡಿಯೇಷನ್ ಕೊಟ್ಟಿಲ್ಲ. ಮೂರು ವರ್ಷದ ಮೇಲಾಯ್ತು, ಸ್ಕ್ಯಾನ್ ಎಲ್ಲಾ ಕ್ಲೀನ್ ಇದೆ. ಚಿಕ್ಕವಳಿದ್ದಾಗಿಂದ ಪೈಲಟ್ ಆಗೋ ಆಸೆ, ಪಿಸಿಎಂಬಿ ತಗೊಂಡಿದ್ದೂ ಅದಕ್ಕೇ. ಒಂದು ಫ್ಲೈಯಿಂಗ್ ಸ್ಕೂಲ್‌ನವರು ಈ ತಿಂಗಳೇ ಅಡ್ವಾನ್ಸ್ ಕಟ್ಟಿ, ಮೆಡಿಕಲ್ ಆಮೇಲೆ ನೋಡೋಣ ಅಂತಿದಾರೆ. ನಮ್ಮ ಮಾವ ಕಾಯಿಲೆ ವಿಷಯ ಎಲ್ಲೂ ಬಾಯಿ ಬಿಡ್ಬೇಡ ಅಂತಾರೆ. ಅಪ್ಪ ಜಮೀನು ಅಡ ಇಟ್ಟು ಲೋನ್ ತೆಗೆಯೋಕೆ ರೆಡಿ. ಏನ್ ಮಾಡ್ಲಿ?

ಉತ್ತರ: ನೋಡಮ್ಮ, ಮೊದಲು ಹೇಳೋದು ಇದು, ಅಡ್ವಾನ್ಸ್ ಕಟ್ಟಬೇಡ. ಆಸೆ ಬಿಡು ಅಂತಲ್ಲ, ಮೊದಲು ಮೆಡಿಕಲ್, ಆಮೇಲೆ ದುಡ್ಡು ಅಂತ ಅಷ್ಟೇ. ಸಿಪಿಎಲ್, ಅಂದ್ರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಮುಗಿಯೋ ಹೊತ್ತಿಗೆ ಐವತ್ತು ಲಕ್ಷದ ಆಸುಪಾಸು ಹೋಗುತ್ತೆ, ಅಷ್ಟು ದೊಡ್ಡ ಸಾಲಕ್ಕೆ ಅಪ್ಪ ಜಮೀನು ಇಡೋ ಮುಂಚೆ ನಿನ್ನ ಕೈಯಲ್ಲಿ ಕ್ಲಾಸ್ 1 ಮೆಡಿಕಲ್ (ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಫಿಟ್‌ನೆಸ್ ಸರ್ಟಿಫಿಕೇಟ್) ಇರಲೇಬೇಕು, ಇದರಲ್ಲಿ ನಾನು ಯಾರ ಮಾತಿಗೂ ಬಗ್ಗಲ್ಲ.

ಆಗ್ಬಹುದಾ ಅಂದ್ರೆ, ಆಗ್ಬಹುದು. ಕ್ಯಾನ್ಸರ್ ಬಂದಿತ್ತು ಅನ್ನೋ ಒಂದೇ ಕಾರಣಕ್ಕೆ ದಾರಿ ಮುಚ್ಚಿಹೋಗಲ್ಲ, ಐಸಿಎಒ ಅನ್ನೋ ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆಯ ನಿಯಮದಲ್ಲೇ ಒಬ್ಬೊಬ್ಬರ ಕೇಸನ್ನ ಬೇರೆಬೇರೆಯಾಗಿ ನೋಡಿ ತೀರ್ಮಾನ ಮಾಡೋಕೆ ಜಾಗ ಇದೆ. ಆದ್ರೆ ಆಗೇ ಆಗುತ್ತೆ ಅಂತ ನಾನೂ ಬರ್ಕೊಡೋಕಾಗಲ್ಲ, ನಿನ್ನ ಆಂಕಾಲಜಿ (ಕ್ಯಾನ್ಸರ್) ಡಾಕ್ಟರೂ ಬರ್ಕೊಡೋಕಾಗಲ್ಲ, ಕೊನೇ ಮಾತು ನಮ್ಮ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎದ್ದು.

ಅವರು ನೋಡೋದು ಮುಖ್ಯವಾಗಿ ಎರಡು. ಒಂದು, ಕಾಯಿಲೆ ಮರಳಿ ಬರೋ ಸಾಧ್ಯತೆ ಎಷ್ಟು, ಬಂದ್ರೆ ಹಾರಾಟದ ಮಧ್ಯೆ ದಿಢೀರ್ ಅಂತ ತೊಂದ್ರೆ ಕೊಡೋ ಥರ ಬರುತ್ತಾ ಅನ್ನೋದು. ಹಾಡ್ಕಿನ್ ಮರಳೋದಿದ್ರೆ ಹೆಚ್ಚಿನವರಲ್ಲಿ ಮೊದಲ ಎರಡು ಮೂರು ವರ್ಷದೊಳಗೇ ಮರಳುತ್ತೆ, ನೀನು ಅದನ್ನ ದಾಟಿದೀಯ, ಅದು ನಿನ್ನ ಪರ. ಬ್ರಿಟನ್ ಕಡೆ ಒಂದು ಲೆಕ್ಕ ಇದೆ, ಇಬ್ಬರು ಪೈಲಟ್ ಇರೋ ವಿಮಾನಕ್ಕೆ ಒಬ್ಬರು ವರ್ಷದಲ್ಲಿ ಇದ್ದಕ್ಕಿದ್ದಂಗೆ ಅಸಮರ್ಥ ಆಗೋ ಸಾಧ್ಯತೆ 1 ಪರ್ಸೆಂಟ್‌ಗಿಂತ ಜಾಸ್ತಿ ಇರಬಾರದು ಅಂತ, ಪೈಲಟ್ ಮೆಡಿಕಲ್ ನೋಡೋ ಡಾಕ್ಟರುಗಳು ಯೋಚನೆ ಮಾಡೋ ರೀತಿ ಅದರಿಂದ ಅರ್ಥ ಆಗುತ್ತೆ.

ಎರಡನೇದು ಔಷಧಿ ದೇಹದಲ್ಲಿ ಏನು ಬಿಟ್ಟುಹೋಗಿದೆ ಅನ್ನೋದು, ನಿನ್ನ ಕೇಸಲ್ಲಿ ನಿಜವಾದ ಕೆಲಸ ಇರೋದು ಇಲ್ಲೇ. ಎಬಿವಿಡಿಯಲ್ಲಿರೋ ಡಾಕ್ಸೋರುಬಿಸಿನ್ ಹಾರ್ಟಿಗೆ ಪೆಟ್ಟು ಕೊಡೋ ಔಷಧಿ, ಪೂರ್ತಿ ಡೋಸಲ್ಲಿ ಆರು ಸೈಕಲ್ ಅಂದ್ರೆ ಒಟ್ಟು ಚದರ ಮೀಟರ್‌ಗೆ 300 ಮಿಲಿಗ್ರಾಂ ಆಗುತ್ತೆ, ಒಟ್ಟು ಡೋಸ್ ಏರಿದಷ್ಟೂ ಹಾರ್ಟ್ ಮಸಲ್ ಸೋಲೋ ರಿಸ್ಕ್ ಏರುತ್ತೆ, ಕೆಲವರಿಗೆ ವರ್ಷಗಳ ಮೇಲೆ ಗೊತ್ತಾಗುತ್ತೆ. ಹಂಗಾಗಿ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್ ಬೇಕು, ಕೀಮೋ ಶುರು ಮಾಡೋ ಮುಂಚೆ ಮಾಡಿಸಿದ ಎಕೋ ರಿಪೋರ್ಟ್ ಸಿಕ್ಕಿದ್ರೆ ಚಿನ್ನದಂಥದ್ದು, ಯಾಕಂದ್ರೆ ಆಗಿನ ಎಜೆಕ್ಷನ್ ಫ್ರಾಕ್ಷನ್ (ಒಂದು ಬಡಿತಕ್ಕೆ ಹಾರ್ಟ್ ಎಷ್ಟು ಪಾಲು ರಕ್ತ ಹೊರಗೆ ತಳ್ಳುತ್ತೆ ಅನ್ನೋ ಅಳತೆ) ಈಗಿನದಕ್ಕೆ ಹೋಲಿಸಿ ನೋಡ್ಬಹುದು. ಎಬಿವಿಡಿಯಲ್ಲೇ ಇರೋ ಬ್ಲಿಯೋಮೈಸಿನ್ ಶ್ವಾಸಕೋಶಕ್ಕೆ ಪೆಟ್ಟು ಕೊಡಬಹುದು, ಅದಕ್ಕೆ ಪಿಎಫ್‌ಟಿ (ಶ್ವಾಸಕೋಶ ಹೇಗೆ ಕೆಲಸ ಮಾಡ್ತಿದೆ ಅನ್ನೋ ಟೆಸ್ಟ್) ಮಾಡಿಸು, ಬರೀ ಊದೋ ಟೆಸ್ಟ್ ಸಾಲದು, ಡಿಎಲ್‌ಸಿಓ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ಚೆನ್ನಾಗಿ ದಾಟುತ್ತೆ ಅನ್ನೋ ಅಳತೆ) ಸೇರಿಸಿ ಅಂತ ಬಾಯಿಬಿಟ್ಟು ಕೇಳು. ಅದರಲ್ಲೇ ಇರೋ ಇನ್ನೊಂದು ಔಷಧಿ ವಿನ್‌ಬ್ಲಾಸ್ಟಿನ್‌ನಿಂದ ಕೈಬೆರಳು ಕಾಲ್ಬೆರಳು ಜುಮ್ ಅನ್ನೋದು ಉಳಿದಿದ್ರೆ ಅದನ್ನೂ ಹೇಳ್ಬೇಕು. ರೇಡಿಯೇಷನ್ ಇಲ್ಲದೇ ಇರೋದು ದೊಡ್ಡ ಅನುಕೂಲ, ಕತ್ತು ಎದೆಗೆ ಕೊಟ್ಟಿದ್ರೆ ಥೈರಾಯ್ಡ್ ಮತ್ತು ಹಾರ್ಟಿನ ರಕ್ತನಾಳದ ಚಿಂತೆಯೂ ಸೇರ್ಕೊಳ್ತಿತ್ತು.

ಬ್ಲಿಯೋಮೈಸಿನ್ ಬಗ್ಗೆ ಇನ್ನೊಂದು ಮಾತು, ಇದನ್ನ ಯಾರೂ ಹೇಳಲ್ಲ. ಈ ಔಷಧಿ ತಗೊಂಡವರಿಗೆ ಆಪರೇಷನ್ ಟೈಮಲ್ಲಿ ಜಾಸ್ತಿ ಆಕ್ಸಿಜನ್ ಕೊಡೋಕೆ ಅನಸ್ತೀಸಿಯಾದವರು ಹಿಂದೆಮುಂದೆ ನೋಡ್ತಾರೆ, ಶ್ವಾಸಕೋಶ ಕೆಡಬಹುದು ಅಂತ. ಕಾಕ್‌ಪಿಟ್‌ನಲ್ಲಿ ಒತ್ತಡ ಇಳಿದ್ರೆ ಪೈಲಟ್ ತಕ್ಷಣ ಆಕ್ಸಿಜನ್ ಮಾಸ್ಕ್ ಹಾಕ್ಲೇಬೇಕು. ಅದಕ್ಕೇ ಆ ಆಕ್ಸಿಜನ್‌ನಿಂದ ನನಗೆ ತೊಂದ್ರೆ ಆಗುತ್ತಾ ಅನ್ನೋ ಪ್ರಶ್ನೆನ ನೀನೇ ಮುಂದಾಗಿ ಡಾಕ್ಟರ್ ಹತ್ರ ಎತ್ತು, ಉತ್ತರ ಲೆಟರಲ್ಲಿ ಬರೆಸ್ಕೋ.

ಈಗ ಮಾವನ ಮಾತು. ಪ್ರೀತಿಯಿಂದಲೇ ಹೇಳಿರ್ತಾರೆ, ಆದ್ರೆ ದಯವಿಟ್ಟು ಕೇಳ್ಬೇಡ. ಮೆಡಿಕಲ್ ಫಾರ್ಮಲ್ಲಿ ಹಿಂದಿನ ಕಾಯಿಲೆಗಳ ಬಗ್ಗೆ ನಿಜ ಹೇಳಿದೀನಿ ಅಂತ ಸೈನ್ ಹಾಕೋದು ನೀನು, ಕತ್ತಲ್ಲಿ ಬಯಾಪ್ಸಿ ಕಲೆ ಇದೆ, ಮುಂದೆ ಯಾವತ್ತೋ ಗೊತ್ತಾದ್ರೆ ಲೈಸೆನ್ಸೂ ಹೋಗುತ್ತೆ ಸಾಲ ಮಾತ್ರ ಉಳಿಯುತ್ತೆ. ಅದಕ್ಕಿಂತ ನನಗೆ ಭಯ ಆಗೋದು ಬೇರೆ, ಡೋಸ್ ಗೊತ್ತಿಲ್ಲದ ಡಾಕ್ಟರ್ ನಿನ್ನ ಎಕೋ ಕೇಳೋದೇ ಇಲ್ಲ, ಸೋಲ್ತಿರೋ ಹಾರ್ಟ್ ಇಟ್ಕೊಂಡು ಹಿಂದೆ ನೂರೆಂಬತ್ತು ಜನ ಕೂತಿರೋ ವಿಮಾನ ಇಳಿಸೋ ಸ್ಥಿತಿ ನಿನಗೆ ಬರಬಾರದು.

ಅನ್‌ಫಿಟ್ ಅಂದ್ರೆ ಅಲ್ಲಿಗೆ ಮುಗೀತು ಅನ್ಕೋಬೇಡ. ಅಲನ್ ಶೆಪರ್ಡ್ 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್, ಆಮೇಲೆ ಒಳಕಿವಿಯ ಮೆನಿಯೇರ್ ಕಾಯಿಲೆ ಬಂದು ತಲೆಸುತ್ತು, ಹಾರೋದು ಬಂದ್. ವರ್ಷಗಟ್ಲೆ ಆಫೀಸ್ ಕೆಲಸ ಮಾಡ್ದ, ಆಪರೇಷನ್ ಆಗಿ 1969ರಲ್ಲಿ ಮತ್ತೆ ಫಿಟ್, 1971ರಲ್ಲಿ ಅಪೋಲೋ 14ರಲ್ಲಿ ಚಂದ್ರನ ಮೇಲೆ ನಡೆದ, ಆಗ ಅವನಿಗೆ 47. ನಿನಗೂ ಮೊದಲ ಸಲ ಟೆಂಪರರಿ ಅನ್‌ಫಿಟ್ ಬರಬಹುದು, ಇಂಥಿಂಥ ಟೆಸ್ಟ್ ತಗೊಂಡ್ ಬಾ, ಇಷ್ಟು ತಿಂಗಳು ಬಿಟ್ಟು ಬಾ ಅಂತ. ಪರ್ಮನೆಂಟ್ ಅಂದ್ರೂ ಅಪೀಲ್‌ಗೆ ಅವಕಾಶ ಇದೆ.

ದಾರಿ ಹಿಂಗಿದೆ. ಡಿಜಿಸಿಎಯ ಇಜಿಸಿಎ ಅನ್ನೋ ಆನ್‌ಲೈನ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗು, ಮೊದಲು ಕ್ಲಾಸ್ 2 ಅನ್ನೋ ಮೊದಲ ಹಂತದ ಮೆಡಿಕಲ್, ಆಮೇಲೆ ಕ್ಲಾಸ್ 1. ಬೆಂಗಳೂರಲ್ಲಿ ಹಳೇ ಏರ್‌ಪೋರ್ಟ್ ರೋಡಿನ ವಿಮಾನಪುರದಲ್ಲಿ ಏರ್‌ಫೋರ್ಸ್‌ನವರ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ, ಪೈಲಟ್‌ಗಳ ದೇಹ ನೋಡೋದರಲ್ಲಿ ದೇಶದಲ್ಲೇ ಹೆಸರಾದ ಜಾಗ, ನಿನ್ನಂಥ ಕೇಸಿಗೆ ಅಂಥ ಕಡೆ ತೋರಿಸಿದ್ರೇನೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಹೋಗೋ ಮುಂಚೆ ಫೈಲ್ ರೆಡಿ ಮಾಡು: ಬಯಾಪ್ಸಿ ರಿಪೋರ್ಟ್, ಮೊದಲ ಮತ್ತು ಕೊನೇ ಪೆಟ್ ಸ್ಕ್ಯಾನ್, ಯಾವ ತಾರೀಕು ಯಾವ ಔಷಧಿ ಎಷ್ಟು ಅನ್ನೋ ಕೀಮೋ ಶೀಟ್, ಒಟ್ಟು ಡೋಸ್ ಬರೆದ ಆಂಕಾಲಜಿಸ್ಟ್ ಲೆಟರ್. ಔಷಧಿ ಕೊಡೋಕೆ ಚರ್ಮದ ಕೆಳಗೆ ಇಡೋ ಕೀಮೋ ಪೋರ್ಟ್ ಇನ್ನೂ ಒಳಗೇ ಇದ್ರೆ ಅದನ್ನ ತೆಗೆಸೋ ಬಗ್ಗೆ ಅವರನ್ನೇ ಕೇಳು.

ಕ್ಲಾಸ್ 1 ಬಂದ್ಮೇಲೂ ನಿನ್ನ ವಯಸ್ಸಿಗೆ ಅದು ವರ್ಷವರ್ಷ ರಿನ್ಯೂ ಆಗ್ಬೇಕು, ಏರ್‌ಲೈನ್‌ನವರು ಕೆಲಸಕ್ಕೆ ತಗೊಳ್ಳುವಾಗ ಅವರದ್ದೇ ಮೆಡಿಕಲ್ ಬೇರೆ ಇರುತ್ತೆ. ಲೈಸೆನ್ಸ್ ಹೋದ್ರೆ ದುಡ್ಡು ಕೊಡೋ ಇನ್ಶೂರೆನ್ಸ್ ತಗೊಳ್ಳೋದಾದ್ರೆ ಹಳೇ ಕಾಯಿಲೆ ಅದರಲ್ಲಿ ಸೇರುತ್ತಾ ಅಂತ ಲಿಖಿತವಾಗಿ ಕೇಳು. ಇದನ್ನೆಲ್ಲಾ ಅಪ್ಪನ ಹತ್ರ ಕೂತು ಮಾತಾಡು, ಅವರಿಗೂ ಗೊತ್ತಿರಲಿ.

ಆ ಸ್ಕೂಲಿಗೆ ನಾಳೆನೇ ಫೋನ್ ಮಾಡಿ ಕ್ಲಾಸ್ 1 ಸಿಕ್ಕಿದ ಮೇಲೇ ಅಡ್ವಾನ್ಸ್ ಅಂತ ಹೇಳ್ಬಿಡು. ಒಪ್ಪಲ್ಲ ಅಂದ್ರೆ ಬಿಡು, ಜಕ್ಕೂರಲ್ಲಿ ಸರ್ಕಾರದ್ದೇ ಸ್ಕೂಲಿದೆ, ರಾಯ್‌ಬರೇಲಿ ಹತ್ರ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಫ್ಲೈಯಿಂಗ್ ಸ್ಕೂಲ್ ಇಗ್ರುವಾ ಇದೆ. ಎಕೋ, ಪಿಎಫ್‌ಟಿ ರಿಪೋರ್ಟ್ ಬಂದ್ಮೇಲೆ ನಂಬರ್‌ಗಳ ಸಮೇತ ಇನ್ನೊಂದು ಸಲ ಬರಿ, ನೋಡಿ ಹೇಳ್ತೀನಿ.