ಮನೆ ಕಟ್ಟುವಾಗ: ನಿಮ್ಮ ಪ್ರಶ್ನೆ, ಸೈಟ್ ಎಂಜಿನಿಯರ್ ಉತ್ತರ

ಪ್ರಶ್ನೆ: ಮೇಡಂ, ಮೋಲ್ಡ್ (ಚಾವಣಿ ಕಾಂಕ್ರೀಟ್) ಹಾಕುವ ಹಿಂದಿನ ದಿನ ಎಂಜಿನಿಯರ್ ಬಂದು ‘ಕವರ್ ಸಾಲದು, ಬ್ಲಾಕ್ ಇಡಿ’ ಅಂದರು. ಮೇಸ್ತ್ರಿ ಸಿಟ್ಟಾದರು. ಏನಿದು ಕವರ್?

ಉತ್ತರ: ಎಂಜಿನಿಯರ್ ಹೇಳಿದ್ದೇ ಸರಿ. ಕಂಬಿಯ ಮೇಲೆ ಎಷ್ಟು ದಪ್ಪ ಕಾಂಕ್ರೀಟ್ ಮುಚ್ಚಿರುತ್ತದೋ ಅದೇ ಕವರ್. ಅದು ಸಾಕಷ್ಟಿದ್ದರೆ ನೀರು, ಗಾಳಿ ಕಂಬಿಯನ್ನು ಬೇಗ ಮುಟ್ಟುವುದಿಲ್ಲ. ಮುಟ್ಟಿದರೆ ತುಕ್ಕು. ತುಕ್ಕು ಹಿಡಿದ ಕಂಬಿ ಊದಿಕೊಂಡು ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಹಳೆ ಮನೆಗಳ ಚಾವಣಿಯಿಂದ ಹೆಕ್ಕಳೆ ಉದುರಿ ಕಂಬಿ ಕಾಣಿಸುತ್ತಿರುತ್ತದಲ್ಲ, ಅದು ಬಹಳ ಸಲ ಕವರ್ ಕಡಿಮೆಯಾದ ಫಲ. ಸಾಮಾನ್ಯವಾಗಿ ಸ್ಲ್ಯಾಬಿಗೆ (ಚಾವಣಿ) 20 ಮಿ.ಮೀ., ಬೀಮಿಗೆ (ಅಡ್ಡ ತೊಲೆ) 25, ಕಾಲಂಗೆ (ಕಂಬ) 40, ಫುಟಿಂಗ್‌ಗೆ (ಕಂಬದ ಬುಡದ ಪಾಯ) 50 ಬೇಕು. ನಿಮ್ಮ ಡ್ರಾಯಿಂಗ್‌ನಲ್ಲಿ ಬೇರೆ ಬರೆದಿದ್ದರೆ ಅದೇ ಅಂತಿಮ.

ನಾನು ಮೋಲ್ಡ್ ನೋಡಲು ಹೋದರೆ ಮೊದಲು ಕುಕ್ಕರಗಾಲಲ್ಲಿ ಕೂತು ಕಂಬಿಯ ಕೆಳಗೆ ಇಣುಕುತ್ತೇನೆ. ಸೆಂಟ್ರಿಂಗ್ ಶೀಟಿಗೂ (ಕಾಂಕ್ರೀಟ್ ಸುರಿಯಲು ತಾತ್ಕಾಲಿಕವಾಗಿ ಹಾಸಿದ ಹಲಗೆ) ಕಂಬಿಗೂ ನಡುವೆ ಸಂದು ಕಾಣಬೇಕು. ಕೆಲವರು ಜಲ್ಲಿ ಚೂರು ತುರುಕಿ ‘ಆಯ್ತು’ ಅನ್ನುತ್ತಾರೆ. ಕಾಂಕ್ರೀಟ್ ಸುರಿಯುವಾಗ ಜನ ಕಂಬಿ ಮೇಲೇ ಓಡಾಡುವುದು, ಚೂರು ಜಾರದೆ ಇರುತ್ತದಾ? ಎಂಜಿನಿಯರ್ ಬ್ಲಾಕ್ ಇಡಿ ಅಂದದ್ದು ಇದಕ್ಕೇ. ಆ ಸಿಮೆಂಟ್ ಬ್ಲಾಕಿನಲ್ಲಿ ತಂತಿ ಹುದುಗಿಸಿರುತ್ತಾರೆ, ಅದನ್ನು ಕಂಬಿಗೆ ಬಿಗಿದು ಕಟ್ಟಬೇಕು.

ಮೇಲಿನ ಸಾಲಿನ ಕಂಬಿಯನ್ನು ಎತ್ತಿ ಹಿಡಿಯಲು ‘ಚೇರ್’ ಇಡುತ್ತಾರೆ. ಅಂದರೆ ಬಗ್ಗಿಸಿದ ಕಂಬಿಯ ತುಂಡು. ಗೋಡೆಯಿಂದ ಹೊರಚಾಚಿದ ಬಾಲ್ಕನಿ ಇದ್ದರೆ ಇದನ್ನು ಬಿಡಲೇಬೇಡಿ. ಅಲ್ಲಿ ಮುಖ್ಯ ಕಂಬಿ ಇರುವುದು ಮೇಲ್ಗಡೆ. ತುಳಿದು ಕೆಳಗೆ ಕೂತಿತೋ, ಬಾಲ್ಕನಿಯ ಬಲವೇ ಹೋಯಿತು.

ಪ್ರಶ್ನೆ: ಎಂ20 ಕಾಂಕ್ರೀಟ್ ಅಂದರೆ ಏನು? ಮೇಸ್ತ್ರಿ ಮಾತ್ರ ‘ಒಂದು-ಒಂದೂವರೆ-ಮೂರು’ ಅನ್ನುತ್ತಾರೆ.

ಉತ್ತರ: ಎರಡೂ ಒಂದನ್ನೇ ಹೇಳುತ್ತವೆ. ಹಾಕಿ 28 ದಿನವಾದ ಮೇಲೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕಾದ ಕಾಂಕ್ರೀಟ್ ಎಂ20. ಅದಕ್ಕೆ ರೂಢಿಯ ಅಳತೆ: ಸಿಮೆಂಟ್ 1, ಮರಳು 1.5, ಜಲ್ಲಿ 3. ಒಂದು 50 ಕೆ.ಜಿ. ಚೀಲ ಸುಮಾರು 35 ಲೀಟರ್ ಜಾಗ ಹಿಡಿಯುತ್ತದೆ. ಅಷ್ಟೇ ಹಿಡಿಸುವ ಪೆಟ್ಟಿಗೆ ಮಾಡಿಸಿ ಅಳೆಯಲಿ. ಬಾಂಡ್ಲಿ ಲೆಕ್ಕ ಬೇಡ, ಒಂದು ಸಲ ತುಂಬಿರುತ್ತದೆ, ಒಂದು ಸಲ ಅರ್ಧ. ಮರಳು ಒದ್ದೆ ಇದ್ದರೆ ಇನ್ನೊಂದು ತಾಪತ್ರಯ: ಅದು ಊದಿಕೊಂಡು ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ, ಒಳಗೆ ಮರಳು ಕಡಿಮೆ.

ಆದರೆ ಈ ಅಳತೆಯೆಲ್ಲ ಸರಿ ಇದ್ದೂ ಕೆಡುವುದು ನೀರಿನಿಂದ. ನೀರು-ಸಿಮೆಂಟ್ ಅನುಪಾತ 0.5 ಅಂದರೆ ಚೀಲಕ್ಕೆ 25 ಲೀಟರ್. ಮರಳು ಒದ್ದೆ ಇದ್ದರೆ ಅದಕ್ಕೂ ಕಡಿಮೆ. ಸುರಿಯೋಕೆ ಸುಲಭ ಅಂತ ಪೈಪ್ ಹಿಡಿದುಬಿಡುತ್ತಾರೆ, ಅಲ್ವಾ? ಜಾಸ್ತಿಯಾದ ನೀರು ಆಮೇಲೆ ಆವಿಯಾಗಿ ಸಣ್ಣ ಸಣ್ಣ ತೂತು ಬಿಟ್ಟುಹೋಗುತ್ತದೆ.

ಪ್ರಶ್ನೆ: ಪ್ಲಿಂತ್, ಸಿಲ್, ಲಿಂಟಲ್, ಡಿಪಿಸಿ. ಒಟ್ಟಿಗೆ ಹೇಳಿಬಿಡಿ.

ಉತ್ತರ: ನೆಲದಿಂದ ಮೇಲೆ ಹೋಗೋಣ. ಹೊರಗಿನ ನೆಲಕ್ಕಿಂತ ಮೇಲೆ, ಮನೆಯ ನೆಲದ ಮಟ್ಟದವರೆಗಿನ ಭಾಗ ಪ್ಲಿಂತ್. ಅದರ ಮೇಲೆ ತೇವ ಗೋಡೆಗೆ ಏರದಂತೆ ಹಾಕುವ ಪದರ ಡಿಪಿಸಿ. ಕಿಟಕಿಯ ಕೆಳಗಿನ ಅಂಚು ಸಿಲ್. ಬಾಗಿಲು, ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಅಡ್ಡಪಟ್ಟಿ ಲಿಂಟಲ್. ಅದು ಎರಡು ಬದಿಯ ಗೋಡೆ ಮೇಲೆ ಸಾಕಷ್ಟು ಕೂರಬೇಕು, ಸುಮ್ನೆ ತಾಗಿಸಿದರೆ ಮೂಲೆಯಲ್ಲಿ ಬಿರುಕು.

ಪ್ರಶ್ನೆ: ಕ್ಯೂರಿಂಗ್ ಎಷ್ಟು ದಿನ? ಕಾಂಕ್ರೀಟ್ ಒಣಗಿದ ಮೇಲೂ ನೀರು ಯಾಕೆ?

ಉತ್ತರ: ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುತ್ತದೆ. ನೀರು ಆರಿಹೋದರೆ ಆ ಕೆಲಸವೂ ನಿಲ್ಲುತ್ತದೆ. ಕಡಿಮೆಯೆಂದರೂ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ಒದ್ದೆ ಇಡಿ. ಮೋಲ್ಡ್ ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿ. ಕಾಲಂಗೆ ಗೋಣಿಚೀಲ ಸುತ್ತಿ ನೆನೆಸಿ. ಬೆಳಿಗ್ಗೆ-ಸಂಜೆ ಎರಡು ಸಲ ಪೈಪ್ ತೋರಿಸಿ ಹೋಗುವುದು ಕ್ಯೂರಿಂಗ್ ಅಲ್ಲ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಆರಿರುತ್ತದೆ.

ಸೆಂಟ್ರಿಂಗ್ ಬಿಚ್ಚುವುದು ಬೇರೆ ಲೆಕ್ಕ. ಸ್ಲ್ಯಾಬ್ ಗೋಡೆಯಿಂದ ಗೋಡೆಗೆ ಅಥವಾ ಬೀಮಿನಿಂದ ಬೀಮಿಗೆ 4.5 ಮೀಟರ್‌ವರೆಗಿನದ್ದಾದರೆ ಸಾಮಾನ್ಯವಾಗಿ 7 ದಿನಕ್ಕೆ ಊರೆ (ಕೆಳಗೆ ಆಸರೆ ಕೊಟ್ಟ ಕಂಬ) ತೆಗೆಯಬಹುದು, ಅದಕ್ಕಿಂತ ದೊಡ್ಡದಕ್ಕೆ 14. ಚಳಿ ಜಾಸ್ತಿ ಇದ್ದರೆ ಇನ್ನೂ ಬಿಡಬೇಕು.

ಪ್ರಶ್ನೆ: ಶೀಟ್ ಬಿಚ್ಚಿದಾಗ ಕಾಲಂನ ಬುಡದಲ್ಲಿ ಜಲ್ಲಿ ಮಾತ್ರ ಕಾಣುತ್ತಿದೆ. ಮೇಸ್ತ್ರಿ ಗಾರೆ ಮೆತ್ತುತ್ತೇನೆ ಅಂತಾರೆ.

ಉತ್ತರ: ಇದಕ್ಕೆ ಹನಿಕೋಂಬ್ ಅನ್ನುತ್ತಾರೆ. ವೈಬ್ರೇಟರ್ (ಕಾಂಕ್ರೀಟನ್ನು ಅಲುಗಿಸಿ ಕೂರಿಸುವ ಯಂತ್ರ) ಸರಿಯಾಗಿ ಆಡಿಸಿಲ್ಲ, ಅಥವಾ ಶೀಟಿನ ಸಂದಿಯಿಂದ ಸಿಮೆಂಟ್ ಹಾಲು ಸೋರಿದೆ. ಗಾರೆ ಮೆತ್ತಲು ಬಿಡಬೇಡಿ. ಫೋಟೋ ತೆಗೆದು ಎಂಜಿನಿಯರನ್ನು ಕರೆಸಿ. ಅವರು ಕುಟ್ಟಿ ನೋಡಿ ಸಡಿಲವಾದದ್ದನ್ನೆಲ್ಲ ತೆಗೆಸುತ್ತಾರೆ. ಕಂಬಿ ಕಾಣುವಷ್ಟು ಆಳವಿದ್ದರೆ ಏನು ತುಂಬಬೇಕು, ಹೇಗೆ ತುಂಬಬೇಕು ಅನ್ನುವುದನ್ನು ಅವರೇ ಬರೆದುಕೊಡಲಿ. ಅಲ್ಲಿವರೆಗೆ ಆ ಕಾಲಂ ಮೇಲೆ ಹೊಸ ಕೆಲಸ ಬೇಡ.